ಹತ್ತಕ್ಕೆ ಏಳು

"ಅಯ್ಯೋ ದೇವ್ರೇ, ಈ ಟೀಚರಮ್ಮ ಕಣ್ಣಲ್ಲೇ ಹೊಡೀತಾರಲ್ಲಪ್ಪಾ!"

ಬೋರ್ಡಿನ ಮೇಲೆ ಓಡುತ್ತಿದ್ದ ಅವಳ ಕೈ ಗಕ್ಕನೆ ನಿಂತಿತು. ಕನ್ನಡ! ಇಂಗ್ಲಿಷ್ ಕಲಿಸುವ ಕೆಲಸಕ್ಕೆಂದು ಈ ಪರದೇಶಕ್ಕೆ ಬಂದು ಹತ್ತು ದಿನವಾಗಿತ್ತು. ಫೋನಿನಲ್ಲಿ ಅಕ್ಕನ ದನಿ ಬಿಟ್ಟರೆ ಒಂದಕ್ಷರ ಕನ್ನಡ ಕಿವಿಗೆ ಬಿದ್ದಿರಲಿಲ್ಲ.

ತರಬೇತಿ ಕೇಂದ್ರದಲ್ಲಿ ಒಬ್ಬರು ಪಾಠ ಮಾಡಿದರೆ ಉಳಿದವರು ಮಕ್ಕಳಂತೆ ನಟಿಸಬೇಕು. ಹಾಗೆ ಕನ್ನಡದಲ್ಲಿ ಗೊಣಗಿದ್ದ ಕೊನೆಯ ಬೆಂಚಿನ ಹೊಸಬ ಈಗ ಕಾಗದದ ವಿಮಾನ ಹಾರಿಸಿದ. ಅದು ನೇರ ಬಂದು ಅವಳ ಮೂಗಿಗೇ ತಾಗಿತು!

"ಏನ್ರೀ, ನನ್ನ ಪಾಠ ಕೆಡಿಸೋಕಂತಲೇ ಬಂದಿದೀರಾ?" ಹೊರಗೆ ಬಂದವಳೇ ರೇಗಿದಳು.

"ಸರ್ಕಾರಿ ಶಾಲೇಲಿ ನಲವತ್ತು ಮಕ್ಕಳು ಹೀಗೇ ಇರ್ತಾರ್ರೀ. ಅಭ್ಯಾಸ ಆಗ್ಲಿ ಅಂತ..."

ಸಿಟ್ಟು ಬರಬೇಕಿತ್ತು, ನಗು ಬಂತು. ಹಾಳಾದ್ದು, ಆವತ್ತೇ ಅವಳು ಅರ್ಧ ಸೋತಿದ್ದಳು!

ಅವನು ಅವಳಿಗೆ 'ಕೆಂಪಿಂಕು' ಅಂತ ಹೆಸರಿಟ್ಟ. ತಪ್ಪಿಲ್ಲ ಬಿಡಿ, ಕೈಗೆ ಸಿಕ್ಕ ಕಾಗದವನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದುವ ಚಟ ಅವಳದು. ಹಾಸ್ಟೆಲಿನ ಊಟದ ಪಟ್ಟಿಯನ್ನೂ ಬಿಟ್ಟವಳಲ್ಲ. ಅವಳು ಅವನನ್ನು 'ಹಿಂದಿನ ಬೆಂಚು' ಅಂದಳು.

ತರಬೇತಿ ಮುಗಿಯುವಷ್ಟರಲ್ಲಿ ಇಬ್ಬರ ಮುಂದೆಯೂ ಎರಡು ದಾರಿ. ಖಾಸಗಿ ಶಾಲೆಯಾದರೆ ಇದೇ ನಗರ, ಹತ್ತೇ ಮಕ್ಕಳು, ಸಂಜೆಯ ತರಗತಿ. ಸರ್ಕಾರಿ ಶಾಲೆಯಾದರೆ ಹಗಲಿನ ಕೆಲಸ, ದೊಡ್ಡ ರಜೆ, ಆದರೆ ಯಾವ ಊರಿಗೆ ಹಾಕುತ್ತಾರೋ ಗೊತ್ತಿಲ್ಲ. ಅರ್ಜಿಯಲ್ಲಿ ಜೊತೆಗಾರರ ಹೆಸರು ಬರೆದರೆ ಮಾತ್ರ ಇಬ್ಬರಿಗೂ ಒಂದೇ ಊರು.

"ಒಬ್ಬಳೇ ಯಾವ್ದೋ ಮೂಲೆಗೆ ಹೋಗ್ತೀಯೇನೇ? ಸುಮ್ನೆ ಪ್ರೈವೇಟ್ ಸೇರ್ಕೋ," ಅಂದಳು ಅಕ್ಕ.

'ಒಬ್ಬಳೇ ಯಾಕೆ? ಅವನು ಕೇಳಬಹುದಲ್ಲ...' ಅವಳಿಗೆ ಆ ನಲವತ್ತು ಮಕ್ಕಳೂ ಬೇಕಿದ್ದರು, ಅವನೂ ಬೇಕಿದ್ದ. ದಿನಾ ಕಾದಳು.

ಅವನು ಕೇಳಲಿಲ್ಲ. ಅರ್ಜಿ ಕೊಡುವ ಕೊನೆಯ ದಿನ ನಾಲ್ಕೂವರೆಗೆ ನೋಡುತ್ತಾಳೆ, ಖಾಸಗಿ ಶಾಲೆಯ ಕರಾರು ಪತ್ರ ಹಿಡಿದು ಕಚೇರಿಯ ಸಾಲಿನಲ್ಲಿ ನಿಂತಿದ್ದಾನೆ! ಐದಕ್ಕೆ ಕೌಂಟರ್ ಮುಚ್ಚುತ್ತದೆ.

"ನಲವತ್ತು ಮಕ್ಕಳು ಅಂತ ಕುಣೀತಿದ್ರಲ್ಲ, ಈಗೇನಾಯ್ತು?" ಅವಳು ಅಡ್ಡ ಹೋಗಿ ನಿಂತಳು.

"ನೀವೇ ಕೇಳ್ತೀರಾ? ಇಲ್ಲ ಅಂತ ಬಾಯ್ಬಿಟ್ಟು ಹೇಳಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ. ಮಾರ್ಕ್ಸ್ ಹಾಕಿ ಕಳಿಸ್ಬಿಟ್ರಲ್ಲ..."

ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದ. 'ನನಗೆ ಯಾವ ಶಾಲೆ ಬೇಕು, ಯಾಕೆ' ಎಂದು ಎಲ್ಲರೂ ಬರೆಯಬೇಕಿದ್ದ ಪ್ರಬಂಧ. ಹೋದ ವಾರ ಹನ್ನೆರಡು ಜನ 'ತಿದ್ದಿಕೊಡು' ಅಂತ ತಂದು ಅವಳ ಮುಂದೆ ರಾಶಿ ಹಾಕಿದ್ದರು. ಅವಳು ಒಂದೇ ಉಸಿರಿನಲ್ಲಿ ಎಲ್ಲವನ್ನೂ ತಿದ್ದಿ ಎಸೆದಿದ್ದಳು.

ಈಗ ಮೊದಲ ಸಲ ಓದಿದಳು.

'ನನಗೆ ಸರ್ಕಾರಿ ಶಾಲೆ ಬೇಕು. ನಿಮ್ಮ ಜೊತೆಗಾದರೆ ಮಾತ್ರ. ನಿಮ್ಮನ್ನು ಪ್ರೀತಿಸುತ್ತೇನೆ. ಅರ್ಜಿಯಲ್ಲಿ ನಿಮ್ಮ ಹೆಸರು ಬರೆಯಲೇ?'

ಪಕ್ಕದಲ್ಲೇ ಅವಳ ಕೆಂಪು ಅಕ್ಷರ: 'ವಾಕ್ಯಗಳು ಇನ್ನೂ ಉದ್ದವಿರಲಿ. ಹತ್ತಕ್ಕೆ ಏಳು.'

"ಅಯ್ಯಯ್ಯೋ! ನಾನು ಓದ್ಲೇ ಇಲ್ಲ ಕಣೋ!"

"ತಿದ್ದಿದೀರಲ್ರೀ?"

"ತಿದ್ದಿದೆ, ಓದ್ಲಿಲ್ಲ!" ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಆ ಕರಾರಿಗೆ ಸಹಿ ಹಾಕಿದ್ಯಾ?"

"ಇನ್ನೂ... ಇಲ್ಲ."

ಕರಾರು ಪತ್ರ ಅವಳ ಕೈಯಲ್ಲಿ ಪರ್ರನೆ ಹರಿಯಿತು. ಚೀಲದಿಂದ ಅವಳು ತನ್ನ ಸರ್ಕಾರಿ ಅರ್ಜಿ ತೆಗೆದಳು. ಎಲ್ಲ ತುಂಬಿತ್ತು, ಜೊತೆಗಾರರ ಜಾಗ ಮಾತ್ರ ಖಾಲಿ. ಅವನೂ ತನ್ನ ಫೈಲಿನಿಂದ ಅದೇ ಅರ್ಜಿ ಎಳೆದ. ಅಲ್ಲೂ ಅದೇ ಜಾಗ ಖಾಲಿ!

ಅವಳು ಕೆಂಪು ಪೆನ್ನು ಎತ್ತಿದ್ದೇ ತಡ, ಕೌಂಟರಿನ ಗುಮಾಸ್ತೆ ತಲೆ ಅಲ್ಲಾಡಿಸಿ ನೀಲಿ ಪೆನ್ನು ಮುಂದೆ ತಳ್ಳಿದಳು. ಒಬ್ಬರ ಹೆಸರು ಇನ್ನೊಬ್ಬರು ಬರೆದರು. ಐದಕ್ಕೆ ಎರಡು ನಿಮಿಷವಿರುವಾಗ ಎರಡರ ಮೇಲೂ ಮುದ್ರೆ ಬಿತ್ತು!

"ಅಲ್ಲಾ ಕೆಂಪಿಂಕು, ಆ ಮೂರು ಮಾರ್ಕ್ಸ್ ಯಾಕೆ ಕಟ್ ಆಯ್ತು?"

"ಬಾಯಲ್ಲಿ ಹೇಳೋದನ್ನ ಕಾಗದದಲ್ಲಿ ಬರೆದಿದ್ದಕ್ಕೆ. ಈಗ ಹೇಳು, ಪೂರ್ತಿ ಕೊಡ್ತೀನಿ."

ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ಕನ್ನಡದಲ್ಲೇ ಹೇಳಿದ.

"ಇನ್ನೊಂದ್ಸಲ..."

"ಯಾಕೆ, ತಪ್ಪಿತ್ತಾ?"

"ಇಲ್ಲ ಕಣೋ," ಅವಳು ಅವನ ತೋಳಿಗೆ ಮುಖ ಒತ್ತಿದಳು. "ತಿದ್ದೋಕೆ ಏನೂ ಸಿಗ್ಲಿಲ್ಲ."