ಬೆರಳ್ಗಂದೀಲು

“ಓದಿದಾವ್ರು ಸತ್ತು ಹೋದ್ರೂ ಅವ್ರ ಬೆರಳು ಸಾಯಂಗಿಲ್ಲೇನ್ರೀ, ಅಕ್ಕಾರ?”

ಕೇಳಿದವಳು ಸಂಹಿತಾ, ಕಾಲೇಜು ಹುಡುಗಿ. ಬಗಲಲ್ಲಿ ಬಟ್ಟೆಯ ಸುರುಳಿ, ಬೆರಳಿಗೆಲ್ಲ ಇನ್ನೂ ಆರದ ಕೆಂಪು ಬಣ್ಣ. ಗದಗಿನ ಗ್ರಂಥಾಲಯದ ಮೇಜಿನ ಮೇಲೆ ಕಂದೀಲಿನ ನೇರಳೆ ಬೆಳಕು ಬಿದ್ದ ಪುಟದಂಚಿನಲ್ಲಿ ಹತ್ತಾರು ಹೆಬ್ಬೆರಳ ಗುರುತುಗಳು ಮಿಂಚುಹುಳದಂತೆ ಹೊಳೆಯುತ್ತಿದ್ದವು.

“ಸಾಯಂಗಿಲ್ಲವ್ವ. ಆದ್ರ ನಿನ್ನ ಬಣ್ಣದ ಕೈ ಮಾತ್ರ ಹಚ್ಚಬ್ಯಾಡ,” ಎಂದರು ಕಂದೀಲು ಕಟ್ಟಿದ ವಿಜ್ಞಾನಿ ಶಕುಂತಲಾ ಬಡಿಗೇರ.

ಬೆರಳಿನ ಜಿಡ್ಡು, ಬೆವರು ಕಾಗದದೊಳಗೆ ಇಂಗಿ ದಶಕಗಟ್ಟಲೆ ಉಳಿಯುತ್ತವೆ. ಈ ಬೆಳಕಿಗೆ ಅವು ಹೊಳೆಯುತ್ತವೆ; ಬೆರಳು ಹೆಚ್ಚು ಹೊತ್ತು ತಡೆದಲ್ಲಿ ಹೊಳಪು ಹೆಚ್ಚು. ಗುಟ್ಟು ಅಷ್ಟೇ. ಹಿಂದಿನವರು ಮರುಗಿ ನಿಂತಲ್ಲಿ ಈಗಿನ, 2061ರ ಮಕ್ಕಳೂ ಒಂದು ಗಳಿಗೆ ನಿಂತಾರು ಎಂಬುದು ಶಕುಂತಲಾರ ಆಸೆ.

ಪುಸ್ತಕ ರುವಾಂಡಾದ ನರಮೇಧದ್ದು. 1994ರಲ್ಲಿ, ಬರೀ ನೂರು ದಿನಗಳಲ್ಲಿ, ಲಕ್ಷಗಟ್ಟಲೆ ಜನ ಸತ್ತದ್ದು. ಎಷ್ಟೋ ಮಂದಿ ನೆರೆಹೊರೆಯವರ ಕೈಯಲ್ಲೇ. ಕೊಲೆಗಳ ಅಧ್ಯಾಯವಂತೂ ಬೆರಳ ಗುರುತುಗಳಿಂದ ಹೊತ್ತಿಕೊಂಡು ಉರಿಯುವಂತಿತ್ತು.

ಶಕುಂತಲಾ ಮೊದಲ ಅಧ್ಯಾಯಕ್ಕೆ ತಿರುಗಿಸಿದರು. ಕತ್ತಲೆ.

“ಬಲ್ಬ್ ಹೋತೇನ್ರೀ? ಸರ್ಕಾರಿ ಮಾಲಿನಂಗ!”

ಶಕುಂತಲಾ ಕಂದೀಲಿಗೆ ಎರಡೇಟು ತಟ್ಟಿದರು. ಕೊನೆಗೆ ತಮ್ಮ ಹೆಬ್ಬೆರಳೊತ್ತಿ ನೋಡಿದರೆ, ಝಗ್ಗನೆ ಹೊಳೆಯಿತು. ಕಂದೀಲು ನೆಟ್ಟಗೇ ಇತ್ತು. ಆ ಪುಟದಲ್ಲಿ ಯಾರೂ ನಿಂತಿರಲಿಲ್ಲ, ಅಷ್ಟೇ.

“ಏನೈತಿ ಅದ್ರಾಗ? ಓದವ್ವ.”

“‘ರೇಡಿಯೋದವರು ಮುಂದೆ ಕೊಲೆಯಾಗಲಿದ್ದ ಜನರನ್ನು ಜಿರಳೆಗಳೆಂದು ಕರೆದರು. ಕೇಳಿದವರು ನಕ್ಕರು...’” ಸಂಹಿತಾ ಓದು ಬಿಟ್ಟು ಬಗಲಿನ ಸುರುಳಿಯತ್ತ ನೋಡಿದಳು.

“ಯಾಕ?”

“ಕಡಲು ನುಂಗಿದ ಊರಿನಾವ್ರು ಸೋಮವಾರ ನಮ್ಮ ಕಾಲೇಜಿಗೆ ಬರ್ತಾರ್ರೀ. ಗೇಟಿಗೆ ಕಟ್ಟಾಕ ಇದನ್ನ ಬರದೀನಿ. ‘ಏಡಿಗಳಿಗೆ ಸ್ವಾಗತ’ ಅಂತ. ಅವ್ರಿಗೆ ಆ ಹೆಸರು ಇಟ್ಟಾಕಿನೂ ನಾನ. ಸುಮ್ನ, ಚ್ಯಾಷ್ಟಿಗೆ.”

ಶಕುಂತಲಾ ಪುಸ್ತಕದ ಹಿಂದಿನ ಎರವಲು ಚೀಟಿ ನೋಡಿದರು. 2024, 2025, 2026ರ ಮೊಹರುಗಳು. ಅಷ್ಟೂ ಜನ ಸಾವಿಗೆ ಮರುಗಿದ್ದರು. ನಗೆ ಶುರುವಾದ ಪುಟವನ್ನು ಮಾತ್ರ ಸರಸರನೆ ದಾಟಿ ಹೋಗಿದ್ದರು.

“ಆ ರೇಡಿಯೋದಾವ್ರದೂ ಚ್ಯಾಷ್ಟಿಲೇ ಶುರುವಾತೇನ್ರೀ, ಅಕ್ಕಾರ?”

“ನನ್ನೇನ್ ಕೇಳ್ತಿ? ಮುಂದ ಓದು.”

ಬಟ್ಟೆಯ ಸುರುಳಿ ಬಗಲಿಂದ ಜಾರಿ ಬಿತ್ತು. ಸಂಹಿತಾ ಅದನ್ನು ಎತ್ತಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತು, ಮೈಮರೆತು ಆ ಪುಟವನ್ನು ಬಣ್ಣದ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬೈಯಲು ಬಾಯಿ ತೆರೆದ ಶಕುಂತಲಾ ಕೈ ಚಾಚಿ ಕಂದೀಲು ಆರಿಸಿದರು. ಆ ಕೆಂಪು ಗುರುತು ಕಾಣಲು ಕಂದೀಲು ಬೇಕಿರಲಿಲ್ಲ.