ಹೊಳಿ ಕಡೆ ಮುಖ ಮಾಡಿದ ಅಂಬಾಸಿಡರ್

ಸುಂದರಾಬಾಯಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸೆರಗಿನ ತುದಿಯಿಂದ ಹೆಡ್‌ಲೈಟಿನ ಗಾಜು ಒರೆಸುತ್ತಿದ್ದಳು. ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಗಿ ನೋಡದೆಯೇ ಅಂದಳು:

"ಬಂದ್ರ್ಯಾ? ಎಷ್ಟೊತ್ತಿನಿಂದ ದಾರಿ ನೋಡಾಕತ್ತೇನಿ."

ಹೆಂಡತಿ ಗಂಡನಿಗೆ ಹೇಳುವ ದನಿ ಅದು. ಮಲ್ಲಣ್ಣನಿಗೆ ಹೆಗಲ ಮೇಲಿನ ಬ್ಯಾಟರಿಯ ಭಾರ ಒಂದು ಗಳಿಗೆ ಮರೆತೇ ಹೋಯಿತು.

ಅವಳು ತಿರುಗಿದಳು. ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

"ನಾನ್ರಿ ವೈನಿ. ಬ್ಯಾಟ್ರಿ ತಂದೇನಿ."

"ಗೊತ್ತದ," ಅಂದಳು. ಗೊತ್ತಿತ್ತೋ ಇಲ್ಲವೋ ಅವಳಿಗೇ ತಿಳಿಯದು. ಆ ಮಾತು ಯಾರಿಗೆ ಆಡಿದ್ದು ಅಂತ ಅವನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವಳಿಗೆ ಅವನ ಮೇಲೆ ಇನ್ನಷ್ಟು ಮನಸ್ಸಾಯಿತು.

ಅದು ಎಂಬತ್ತಾರನೆಯ ಇಸವಿಯ ಚಳಿಗಾಲ. ಸೊನ್ನ ಎಂಬ ಊರಿನ ಹೊರಗೆ, ಭೀಮಾ ಹೊಳಿ ದಂಡಿಯ ಹೊಲದ ಮನೆ. ಮನೆಯಲ್ಲಿ ಇಬ್ಬರೇ: ಸುಂದರಾಬಾಯಿ ಮತ್ತು ಅವಳ ಅತ್ತೆ ಗುರಮ್ಮ. ಅಂಗಳದ ತಗಡಿನ ಚಪ್ಪರದಡಿ, ಗಾಲಿ ಬಿಚ್ಚಿ ಕಲ್ಲಿನ ಮೇಲೆ ನಿಲ್ಲಿಸಿದ ಬಿಳಿ ಅಂಬಾಸಿಡರ್.

ಮೂರು ವರ್ಷದ ಹಿಂದೆ ಹೊಳಿ ತುಂಬಿ ಬಂದ ದಿನ ಅವಳ ಗಂಡ ದೌಲತರಾಯ ಇದೇ ಕಾರಿನಲ್ಲಿ ಜೇವರ್ಗಿಯಿಂದ ಹೊರಟಿದ್ದ. ನೀರು ಇಳಿದ ಮೇಲೆ ಊರವರು ಎತ್ತು ಕಟ್ಟಿ ಕಾರನ್ನು ಎಳೆದು ತಂದರು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಎಲ್ಲಿಯೂ ಹೆಣ ಸಿಗಲಿಲ್ಲ.

"ಹೆಣ ನೋಡಿಲ್ಲ ಅಂದಮ್ಯಾಲ ನನ್ನ ಮಗ ಸತ್ತಿಲ್ಲ," ಅಂದಳು ಗುರಮ್ಮ. ಸೊಸೆಯ ತಾಳಿಗೂ ಕುಂಕುಮಕ್ಕೂ ಯಾರೂ ಕೈ ಹಚ್ಚಲು ಬಿಡಲಿಲ್ಲ. ಕಾರನ್ನು ಹೊಳಿ ಕಡೆ ಮುಖ ಮಾಡಿ ನಿಲ್ಲಿಸಿದಳು. ದಿನಾ ಮುಚ್ಚಂಜೆ ಒಳಗೆ ಕುಳಿತು ತಾನೇ ಲೈಟ್ ಹಾಕುವಳು. ಮಗನಿಗೆ ಮನೆಯ ದಾರಿ ಕಾಣಲಿ ಅಂತ.

ಇಂಜಿನ್ ಓಡದ ಕಾರಿಗೆ ಬ್ಯಾಟರಿ ಬೇಕಲ್ಲ. ಅಫಜಲಪುರದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಮಲ್ಲಣ್ಣ ದೌಲತರಾಯನ ಗೆಳೆಯ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ತುಂಬಿದ್ದನ್ನು ಇಟ್ಟು, ಬರಿದಾದದ್ದನ್ನು ಒಯ್ಯುತ್ತಿದ್ದ. ಮೊದಲು ಗೆಳೆಯನಿಗಾಗಿ ಬಂದ. ಆಮೇಲೆ ಮುದುಕಿಗಾಗಿ. ಈಗ ಯಾರಿಗಾಗಿ ಬರುತ್ತಾನೆಂದು ಅವನ ಅಂಗಡಿಯ ಪಕ್ಕದ ಖಾದರಸಾಬನಿಗೂ ಗೊತ್ತಿತ್ತು.

ಗುರಮ್ಮ ಕೋಲೂರಿಕೊಂಡು ಹೊರಗೆ ಬಂದಳು.

"ಮಲ್ಲಣ್ಣಾ, ಲೈಟು ಮಂದ ಆಗ್ಯಾವು. ಬೇಲಿ ತನಕಾನೂ ಹೋಗವಲ್ದು. ಹಿಂಗಾದ್ರ ನನ್ನ ಕೂಸಿಗೆ ಹ್ಯಾಂಗ ಕಾಣಬೇಕು?"

ಮಲ್ಲಣ್ಣ ಬಾಗಿ ನೋಡಿದ. ಎರಡೂ ಗಾಜಿಗೆ ಒಳಗಿನಿಂದ ಪೊರೆ ಬಂದಿತ್ತು, ಮುಪ್ಪಿನ ಕಣ್ಣಿನ ಹಾಗೆ.

"ಬಿಚ್ಚಿ ಒಳಗ ತೊಳೀಬೇಕ್ರಿ ಕಾಕಿ. ನಾಳಿ ಐತವಾರ, ಬಂದು ಮಾಡ್ತೇನಿ."

ಹೇಳುವಾಗ ಅವನು ಗುರಮ್ಮನನ್ನು ನೋಡಲಿಲ್ಲ. ಸುಂದರಾಬಾಯಿಯೂ ನೆಲ ನೋಡುತ್ತಿದ್ದಳು.

*

ಐತವಾರದ ಬಿಸಿಲು ಎಳೆಯದಾಗಿತ್ತು. ಅಂಗಳದಲ್ಲಿ ಗೋಣಿತಟ್ಟು ಹಾಸಿ, ಅವನು ಲೈಟಿನ ಸುತ್ತಿನ ಬಳೆ ಬಿಚ್ಚಿ ಒಂದೊಂದನ್ನೇ ಹೊರಗೆ ತೆಗೆದ. ಅವಳು ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟಳು. ಬಿಸಿಗೆ ಹಳೆಯ ಅಂಟು ಮೆತ್ತಗಾಗಿ, ಗಾಜು ಒಳಗಿನ ಹೊಳೆಯುವ ಬಟ್ಟಲಿನಿಂದ ಬಿಟ್ಟುಬಂತು.

ಬಟ್ಟಲಿನಿಂದ ನೀರು ಸುರಿಯಿತು.

ಇಬ್ಬರೂ ಬಾಗಿ ನೋಡಿದರು. ಮೂರು ಬೇಸಿಗೆ ಕಳೆದಿದ್ದವು. ದಿನಾ ಉರಿಯುವ ದೀಪ ಅದು. ಆದರೂ ನೀರು ತಣ್ಣಗಿತ್ತು, ಕೆಂಪಗಿತ್ತು, ಹೊಸ ಮಹಾಪೂರದ ವಾಸನೆ ಬರುತ್ತಿತ್ತು. ಗೋಣಿತಟ್ಟಿನ ಮೇಲೆ ಒಂದು ಸಣ್ಣ ಬಸವನಹುಳ ಬಿದ್ದು, ನಿಧಾನಕ್ಕೆ ಕೊಂಬು ಹೊರಗೆ ಚಾಚಿತು.

"ಜೀವ ಅದ," ಅಂದಳು ಸುಂದರಾಬಾಯಿ ಮೆಲ್ಲಗೆ.

"ಎಲ್ಲೋ ಸಂದಿನಾಗಿಂದ ಹೊಕ್ಕಿರಬೇಕು," ಅಂದ ಮಲ್ಲಣ್ಣ. ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ.

ಗಾಜಿನ ಒಳಗಿನ ಬಿಳಿ ಕಲೆಗೆ ನಿಂಬೆಹಣ್ಣು ತಿಕ್ಕಿದರು. ಅರ್ಧ ಹೋಯಿತು. ಹಲ್ಲುಪುಡಿ ಹಾಕಿದರು. ಆಗ ಗುರಮ್ಮ ಒಳಗಿಂದ ವಿಭೂತಿಯ ಗಟ್ಟಿ ತಂದು ಸೊಸೆಯ ಅಂಗೈಯಲ್ಲಿಟ್ಟಳು.

"ಇದನ್ನ ಪುಡಿ ಮಾಡಿ ತಿಕ್ಕು. ದೌಲತಾ ಹಚ್ಚಿಕೊಳ್ತಿದ್ದ ವಿಭೂತಿ. ತನ್ನ ಮನಿ ಬೆಳಕು ಅಂತ ಅವಂಗ ಗುರ್ತ ಸಿಗ್ತದ."

ಗುರಮ್ಮ ಒಳಗೆ ಹೋದಳು. ಸುಂದರಾಬಾಯಿ ಗಾಜು ತಿಕ್ಕಿದಳು. ಮಲ್ಲಣ್ಣ ಒದ್ದೆ ಅರಳೆಯಿಂದ ಬಟ್ಟಲು ಒರೆಸಿದ, ಕೂಸಿನ ಕೆನ್ನೆ ಒರೆಸುವಷ್ಟು ಹಗುರಾಗಿ.

"ಇಷ್ಟು ಮೆತ್ತಗ ಒರೆಸಿದ್ರ ಸಂಜಿ ಆಗ್ತದ," ಅಂದಳು.

"ಜೋರ್ ಒರೆಸಿದ್ರ ಬೆಳ್ಳಿಬಣ್ಣ ಹೋಗ್ತದ್ರಿ." ಅವನು ಒಂದಿಷ್ಟು ನಕ್ಕ. "ಮತ್ತ, ಸಂಜಿ ಆದ್ರ ಆಗಲಿ."

ಅವಳು ತಲೆ ಎತ್ತಲಿಲ್ಲ. ಆದರೆ ತುಟಿಯ ಒಂದು ಮೂಲೆ ತಾನಾಗಿ ಮೇಲೆ ಹೋಯಿತು. ಅವನು ಅದನ್ನು ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತು.

"ಬ್ಯಾಟ್ರಿಯವ್ರೇ, ಒಂದು ಮಾತು ಕೇಳ್ಲ್ಯಾ?"

"ನನಗ ಹೆಸರು ಅದರಿ."

"ಹೆಸರ್ನಾಗ ಅಣ್ಣ ಅದ. ಕರಿಯಾಕ ತ್ರಾಸ ಆಗ್ತದ."

ಅರಳೆ ಹಿಡಿದ ಕೈ ನಿಂತಿತು. ಅವನ ಕಿವಿ ಕೆಂಪಾದದ್ದನ್ನು ಅವಳು ರೆಪ್ಪೆಯಡಿಯಿಂದ ಕಂಡಳು.

"ಕೇಳ್ರಿ," ಅಂದ.

"ನಮ್ಮ ಬ್ಯಾಟ್ರಿ ವಾರದೊಳಗ ಯಾಕ ಇಳೀತದ? ಇಷ್ಟು ಲೈಟಿಗೆ ಇನ್ನೂ ಬಾಳ ದಿವಸ ಬರಬೇಕು ಅಂತ ತವರೂರು ಕಿಣ್ಣಿ ಸುಲ್ತಾನದಾಗ ನಮ್ಮಪ್ಪ ಅಂದ."

"ನಿಮ್ಮಪ್ಪ ಶಾಣ್ಯಾ ಇದ್ದಾರ." ಅವನು ಬಟ್ಟಲನ್ನು ತೊಡೆಯ ಮೇಲಿಟ್ಟ. "ಪೂರಾ ತುಂಬಿಸೋದಿಲ್ರಿ ನಾನು. ತುಂಬಿಸಿದ್ರ ಮುಂದಿನ ವಾರ ಬರಾಕ ನೆವ ಇರೂದಿಲ್ಲ."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಗಾಜು ಯಾವಾಗಲೋ ಸ್ವಚ್ಛವಾಗಿತ್ತು. ಬೆರಳು ಮಾತ್ರ ಅಲ್ಲಿಯೇ ಸುತ್ತುತ್ತಿತ್ತು.

"ಇಲ್ಲಿ ನೋಡ್ರಿ," ಅಂತ ಮಾತು ಹೊರಳಿಸಲು ಅವನು ಬಟ್ಟಲು ಎತ್ತಿ ಹಿಡಿದ. ಅದು ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಒಳಗೆ ಇಬ್ಬರ ಮುಖಗಳೂ ತಲೆಕೆಳಗಾಗಿ, ಒಂದಕ್ಕೊಂದು ಕೆನ್ನೆ ತಾಗುವಷ್ಟು ಹತ್ತಿರ. ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಆಮೇಲೆ ನಗು ನಿಂತಿತು. ಇಬ್ಬರ ಮುಖದ ನಡುವೆ, ಹಿಂದೆ ನಿಂತು ಇಣುಕುವವರ ಹಾಗೆ, ಇನ್ನೊಂದು ಮುಖ ಇತ್ತು.

ತಿರುಗಿದಳು. ಅಂಗಳ ಖಾಲಿ. ಬೇಲಿಯಾಚೆ ಜೋಳದ ಹೊಲ, ಅದರಾಚೆ ಹೊಳಿ.

"ಏನಾತ್ರಿ?"

"ಏನಿಲ್ಲ." ಅವಳು ಅವನ ಕೈಯಿಂದ ಬಟ್ಟಲು ತೆಗೆದು ಬೋರಲು ಹಾಕಿದಳು. "ಇವನ್ನ ಹೊಳ್ಳಿ ಹಚ್ಚಬ್ಯಾಡ್ರಿ."

"ಹಚ್ಚಬ್ಯಾಡ ಅಂದ್ರ ಹಚ್ಚೋದಿಲ್ಲ," ಅಂದ ಮಲ್ಲಣ್ಣ. "ಆದ್ರ ಕಾಕಿಗೆ ಏನ್ ಹೇಳ್ತೀರಿ?"

ಅವಳು ಮನೆಯ ಬಾಗಿಲ ಕಡೆ ನೋಡಿ, ತಿಕ್ಕಿದ ಗಾಜನ್ನು ಅವನ ಮುಂದೆ ಸರಿಸಿದಳು. ಅವನು ಗಾಜು ಕೂಡಿಸಿ, ಸುತ್ತ ಹೊಸ ಅಂಟು ತುಂಬಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಕಾರಿಗೆ ಮತ್ತೆ ಹಚ್ಚಿದ.

*

ಮುಚ್ಚಂಜೆಗೆ ಹೊಳಿಯಿಂದ ಮಂಜು ಎದ್ದಿತು. ಗುರಮ್ಮ ಕಾರಿನೊಳಗೆ ಕುಳಿತು ಗುಂಡಿ ಎಳೆದಳು.

ಬೆಳಕು ಬೇಲಿ ದಾಟಿತು, ಜೋಳದ ಹೊಲ ದಾಟಿತು, ನೇರ ನೀರಿನವರೆಗೂ ಹೋಗಿ ನಿಂತಿತು. ಮಂಜಿನ ನಡುವೆ ಬಿಳಿ ಹಾದಿ ಹಾಸಿದ ಹಾಗೆ. ಬಾವಿಯ ಹತ್ತಿರ ಬೊಗಳುತ್ತಿದ್ದ ನಾಯಿ ಸುಮ್ಮನಾಯಿತು. ಜೀರುಂಡೆಗಳೂ ಸುಮ್ಮನಾದವು.

ಆ ಹಾದಿಯ ಕೊನೆಗೆ, ಮೊಣಕಾಲುದ್ದ ನೀರಿನಲ್ಲಿ, ಒಬ್ಬ ಮನುಷ್ಯ ನಿಂತಿದ್ದ. ಬಿಳಿ ಅಂಗಿ. ಒಂದು ಹೆಗಲು ಜರಾ ಇಳಿದಂತೆ ನಿಲ್ಲುವ, ದೌಲತರಾಯನದೇ ರೀತಿ.

"ಬಂದಾ," ಅಂದಳು ಗುರಮ್ಮ. ಮಗ ಸಂತೆಯಿಂದ ಬಂದಷ್ಟು ಸಹಜವಾಗಿ. "ಬಾರಪ್ಪಾ. ಎಷ್ಟು ತಡಾ ಮಾಡಿದಿ."

ಅವನು ಬರಲಿಲ್ಲ. ಹೋಗಲೂ ಇಲ್ಲ.

ಮಲ್ಲಣ್ಣನ ಮುಖದಲ್ಲಿ ರಕ್ತ ಇರಲಿಲ್ಲ. ಅವನಿಗೂ ಕಾಣುತ್ತಿತ್ತು. ಅವನು ಕಾರಿನ ಕಿಟಕಿಗೆ ಕೈ ಇಟ್ಟು, ಸುಂದರಾಬಾಯಿಗೆ ಮಾತ್ರ ಕೇಳುವಂತೆ ಅಂದ: "ನೀವು ಹೇಳ್ರಿ. ಆರಿಸು ಅಂದ್ರ ಆರಿಸ್ತೇನಿ."

ಅವಳು ತಲೆ ಅಲ್ಲಾಡಿಸಿದಳು. ಮೂರು ವರ್ಷ ಅವಳು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಒಂದು ಮಾತು ಕೇಳದೆ ಈ ದೀಪ ಆರಿಸಿದರೆ ನಾಳೆಯೂ ಹೀಗೆಯೇ. ಅವಳು ಬೆಳಕಿನೊಳಗೆ ಇಳಿದು ನಡೆದಳು.

ಜೋಳದ ಎಲೆ ಎರಡೂ ಕಡೆ ಸವರುತ್ತಿತ್ತು. ಅವಳ ನೆರಳು ಉದ್ದಕ್ಕೆ ಮುಂದೆ ಬಿದ್ದು ಅವನವರೆಗೂ ಹೋಯಿತು. ಅವನಿಗೆ ನೆರಳಿರಲಿಲ್ಲ. ಬೆಳಕು ಅವನ ಅಂಗಿಯನ್ನು ಹಾದು ಹಿಂದಿನ ನೀರಿನ ಮೇಲೆ ಬೀಳುತ್ತಿತ್ತು.

ದಂಡಿಯಲ್ಲಿ ನಿಂತಳು.

"ಬರೂದಿದ್ರ ಬರ್ರಿ," ಅಂದಳು. "ಬಂದ್ರ ಕೈಕಾಲಿಗೆ ನೀರು ಕೊಡ್ತೇನಿ, ರೊಟ್ಟಿ ಬಡೀತೇನಿ. ನಾ ನಿಮ್ಮನ್ನ ಮರೆತಿಲ್ಲ. ನೀವು ಕೆಟ್ಟವರಲ್ಲ. ಆದ್ರ ನೀವು ಬರವಲ್ರಿ, ನನ್ನ ಬಿಡವಲ್ರಿ. ನಾ ಎಲ್ಲಿ ಅಂತ ಇರಲಿ?"

ಮುಖ ಇರಬೇಕಾದಲ್ಲಿ ಮಂಜು ಮಾತ್ರ ಇತ್ತು. ಅವನು ಕೈ ಚಾಚಿದ. ಕರೆಯುವ ಕೈ.

ಅವಳಿಗೆ ಹೆದರಿಕೆ ಆಗಲಿಲ್ಲ. ಅದೇ ಹೆದರಿಕೆಯ ಸಂಗತಿ ಅಂತ ಆಮೇಲೆ ಅನಿಸಿತು. ಕಾಲು ತಾವಾಗಿ ನೀರಿಗಿಳಿದವು. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ಹಿಂದೆ ಯಾರೋ "ಸುಂದರಾ" ಅಂತ ಕೂಗುತ್ತ ಓಡಿಬರುತ್ತಿದ್ದರು. ಆ ದನಿ ಬಹಳ ದೂರದ ಊರಿನದೆಂಬಂತೆ ಕೇಳಿತು. ಅವಳ ಬೆರಳಿಗೂ ಆ ಬೆರಳಿಗೂ ಗೇಣು ಅಂತರ.

"ದೌಲತಾ."

ಗುರಮ್ಮನ ದನಿ ಹೊಲದ ಆ ತುದಿಯಿಂದ ಈ ತುದಿಗೆ ನೆಟ್ಟಗೆ ಬಂತು. ಸಣ್ಣವನಿದ್ದಾಗ ತಪ್ಪು ಮಾಡಿದ ಮಗನನ್ನು ನಿಲ್ಲಿಸುತ್ತಿದ್ದ ದನಿ.

"ಆಕಿನ್ನ ಬಿಡು. ನೀ ಬರ್ತಿ ಅಂತ ದೀಪ ಹಚ್ಚಿದ್ದೆ, ಆಕಿನ್ನ ಒಯ್ತಿ ಅಂತ ಅಲ್ಲ. ನಿನ್ನ ನೋಡಿದೆ. ಸಾಕು. ಹೋಗಪ್ಪಾ."

ಬೆಳಕು ಆರಿತು.

ಕತ್ತಲಲ್ಲಿ ನೀರು ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟಂತಾಯಿತು. ಆಮೇಲೆ ಒಂದು ಕೈ ಅವಳ ಮುಂಗೈ ಹಿಡಿಯಿತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಕೈ ಬೆಚ್ಚಗಿತ್ತು. ನಿಂಬೆಹಣ್ಣಿನ ವಾಸನೆ ಬರುತ್ತಿತ್ತು.

"ನಾನು," ಅಂದ ಮಲ್ಲಣ್ಣ. ಏದುಸಿರು ಬಿಡುತ್ತಿದ್ದ. "ನಾನು ಇದ್ದೇನಿ."

ಅವಳು ಅವನ ಎದೆಗೆ ಹಣೆ ಹಚ್ಚಿ ಅತ್ತಳು. ಅವನು ದಂಡಿಗೆ ಎಳೆದುಕೊಂಡು ಬರುವವರೆಗೂ, ಬಂದ ಮೇಲೂ, ಕೈ ಬಿಡಲಿಲ್ಲ.

ಚಪ್ಪರದಡಿ ಗುರಮ್ಮ ಇನ್ನೂ ಕಾರಿನೊಳಗೇ ಇದ್ದಳು. ಗುಂಡಿಯ ಮೇಲೆ ಕೈ ಇಟ್ಟುಕೊಂಡು, ಮತ್ತೆ ಹಾಕದಂತೆ ತನ್ನ ಕೈಯನ್ನೇ ತಾನು ತಡೆದವಳ ಹಾಗೆ. ಸುಂದರಾಬಾಯಿ ಪಕ್ಕದಲ್ಲಿ ಕುಳಿತು ಆ ಕೈ ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅಂವ ಹೋದಾ," ಅಂದಳು ಗುರಮ್ಮ. ಅಂದು ಮೊದಲ ಬಾರಿಗೆ ಮಗನಿಗಾಗಿ ಅತ್ತಳು.

*

ಬೆಳಗಾದ ಮೇಲೆ ಗುರಮ್ಮನೇ ಮಾತು ತೆಗೆದಳು.

"ಸುಂದರಾ, ನಮ್ಮ ಮಂದ್ಯಾಗ ಉಡಕಿ ಅದ. ಗಂಡ ಹೋದಾಕಿ ಮತ್ತೊಬ್ಬನ ಕೈಲೆ ಸೀರಿ ಉಟ್ಟು ಸಂಸಾರ ಮಾಡ್ತಾಳ, ಯಾರೂ ಅನ್ನೂದಿಲ್ಲ. ನಿನ್ನ ಮನಸ್ಸಿನಾಗ ಏನದ, ನೀನೇ ಹೇಳಬೇಕು."

ಸೊಸೆ ಒಲೆಯ ಉರಿ ಸರಿಮಾಡುತ್ತ ಕುಳಿತಳು. ಹೊರಗೆ ಮಲ್ಲಣ್ಣ ಕಟ್ಟೆಯ ಮೇಲೆ ಚಹಾ ಹಿಡಿದು, ಕುಡಿಯದೆ ಕುಳಿತಿದ್ದ. ಎಲ್ಲವೂ ಕೇಳಿಸುತ್ತಿತ್ತು ಅವನಿಗೆ.

"ಅದ," ಅಂದಳು ಸುಂದರಾಬಾಯಿ. "ಬಾಳ ದಿವಸದಿಂದ ಅದ. ಆದ್ರ ನಿಮ್ಮನ್ನ ಇಲ್ಲಿ ಬಿಟ್ಟು ಹೋಗೂದಿಲ್ಲ."

ಹೊರಗಿನಿಂದ ದನಿ ಬಂತು: "ಅಫಜಲಪುರದ ಮನಿಯಾಗ ಎರಡು ಖೋಲಿ ಅವರಿ ಕಾಕಿ."

"ನಡುವ ಮಾತಾಡಬ್ಯಾಡ," ಅಂದಳು ಗುರಮ್ಮ. ಆದರೆ ಅವಳ ಮುಖ ಮೆತ್ತಗಾಗಿತ್ತು. ತುಸು ಹೊತ್ತಿನ ನಂತರ ಕೇಳಿದಳು: "ಹೊಳಿ ಕಾಣ್ತದೇನು ಅಲ್ಲಿಂದ?"

"ಕಾಣೂದಿಲ್ರಿ."

"ಚಲೋ ಆತು."

ಬೇಸಿಗೆ ಪೂರ್ತಿ ಮಲ್ಲಣ್ಣ ಐತವಾರಕ್ಕೊಮ್ಮೆ ಬಂದು ಕಾರು ದುರಸ್ತಿ ಮಾಡಿದ. ಗಾಲಿ ಬಂದವು, ಇಂಜಿನ್ ಕೆಮ್ಮಿತು, ಒಂದು ದಿನ ಓಡಿತು. ಉಡಕಿ ಸಣ್ಣದಾಗಿ ಆಯಿತು. ಶಾಸ್ತ್ರ ಮಾಡಿಸಲು ಮಠದ ಅಯ್ಯನವರು ಬಂದರು, ಕಿಣ್ಣಿ ಸುಲ್ತಾನದಿಂದ ಅವಳ ತಂದೆ ಬಂದ. ಗುರಮ್ಮ ಹೆಣ್ಣಿನ ತಾಯಿಯ ಜಾಗದಲ್ಲಿ ಕುಳಿತಳು.

ಸಾಮಾನು ಹೇರಿಕೊಂಡು ಸೊನ್ನ ಬಿಟ್ಟಾಗ ಮುಚ್ಚಂಜೆ ಆಗಿತ್ತು. ಮೊದಲ ಮಳೆಯ ಮಾರನೆಯ ದಿನ. ಹೊಳಿ ದಂಡಿಯ ರಸ್ತೆಯ ಮೇಲೆ ಮಂಜು ಕವಿದಿತ್ತು. ಹಿಂದಿನ ಸೀಟಿನಲ್ಲಿ ಗುರಮ್ಮ ಗಂಟುಗಳ ನಡುವೆ ನಿದ್ದೆಹೋಗಿದ್ದಳು, ಇಲ್ಲವೇ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದ್ದಳು.

ಮುಂದಿನದು ಕಾಣದಾದಾಗ ಮಲ್ಲಣ್ಣ ಕಾರು ನಿಲ್ಲಿಸಿದ.

"ಲೈಟ್ ಹಾಕಬೇಕಾಗ್ತದ," ಅಂದ. ಕೈ ಮಾತ್ರ ಸ್ಟೇರಿಂಗಿನ ಮೇಲೆಯೇ ಇತ್ತು. "ಹಾಕ್ಲ್ಯಾ?"

ಸುಂದರಾಬಾಯಿ ಕೈ ಚಾಚಿ ತಾನೇ ಗುಂಡಿ ಎಳೆದಳು.

ರಸ್ತೆ ಕಂಡಿತು. ರಸ್ತೆಯ ಕೆಸರು, ಎರಡೂ ಬದಿಯ ಜಾಲಿ, ಸುಳಿಯುವ ಮಂಜು. ಮಂಜಿನಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ಬಹಳ ಹೊತ್ತು ಆ ಕಡೆ ನೋಡುತ್ತಲೇ ಇದ್ದಳು. ಅವಳು ನೋಡಿ ಮುಗಿಸುವ ತನಕ ಮಲ್ಲಣ್ಣ ಗೇರ್ ಹಾಕಲಿಲ್ಲ.