ಬಿಚ್ಚಿದ ಸಾಲು

"ಅಯ್ಯೋ, ಕೈ! ನಿಮ್ಮ ಕೈ ಸುಟ್ಟುಹೋಗಿದೆ!"

ಹೀರಾ ತಲೆಯೆತ್ತುವ ಮೊದಲೇ ಅಪರಿಚಿತನೊಬ್ಬ ಅವಳ ಮಣಿಕಟ್ಟು ಹಿಡಿದು, ಎರಡೂ ಕೈಗಳನ್ನು ಬಾವಿಕಟ್ಟೆಯ ಬಕೆಟ್ಟಿನ ತಣ್ಣೀರಿನಲ್ಲಿ ಮುಳುಗಿಸಿಬಿಟ್ಟಿದ್ದ.

 

ಒಲೆಯ ಪಕ್ಕ ಕೂತಿದ್ದ ಬೊಮ್ಮು ಅಜ್ಜಿ ಬಾಯ್ತುಂಬ ನಕ್ಕಳು.

"ಬಿಡಾ ತಮ್ಮಾ! ಅದು ಸುಟ್ಟದ್ದಲ್ಲ, ಮತ್ತಿ ಮರದ ತೊಗಟೆಯ ಕೆಂಪು ಬಣ್ಣ. ಬಂದ ಕೂಡ್ಲೇ ನನ್ನ ಮೊಮ್ಮಗಳ ಕೈ ಹಿಡೂದೇ?"

ಅವನು ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ. ಅವನ ಕಿವಿ ಕೆಂಪಾದದ್ದನ್ನು ಹೀರಾ ನೋಡಿದಳು. ಅವಳು ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು.

ಹಿಂದೆ ಅವರ ಕಡಲತೀರದ ಊರಾದ ಬೆಳಂಬಾರದಲ್ಲಿ ಹತ್ತಿ ನೂಲಿನ ಬಲೆಗಳು ಉಪ್ಪುನೀರಿಗೆ ಕೊಳೆಯದಿರಲೆಂದು ಅವನ್ನು ಮತ್ತಿ ತೊಗಟೆಯ ನೀರಿನಲ್ಲಿ ಕುದಿಸುತ್ತಿದ್ದರು. ನೈಲಾನ್ ಬಲೆ ಬಂದ ಮೇಲೆ ಅಜ್ಜಿಯ ಹಂಡೆ ಮೂಲೆ ಸೇರಿತ್ತು. ಹೀರಾ ಅದನ್ನು ಹೊರಗೆಳೆದು, ಮನೆಯಲ್ಲೇ ನೂಲಿಗೆ ಬಣ್ಣ ಹಾಕಿ ಕೊಕ್ಕೆಸೂಜಿಯಲ್ಲಿ ಕ್ರೋಶಾ ಹೆಣೆಯುತ್ತಿದ್ದಳು.

ಬಂದವನು ದತ್ತಾ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಅವನು ಸಾಬೂನು ಕೇಳಿ ಪಡೆದು, ಉಗುರಿನ ಸಂದಿಯ ಆಯಿಲ್ ಹೋಗುವವರೆಗೂ ಕೈ ತೊಳೆದ. ಆಮೇಲೆಯೇ ಚೀಲದಿಂದ ಒಂದು ಪುಟ್ಟ ಹೊದಿಕೆಯನ್ನು ಹೊರತೆಗೆದ.

ಅದೇ ಮತ್ತಿ ತೊಗಟೆಯ ಕೆಂಗಂದು ಬಣ್ಣದ ಕ್ರೋಶಾ. ಅರ್ಧ ಮಾತ್ರ ಆಗಿತ್ತು. ಸೂಜಿ ಇನ್ನೂ ಕೊನೆಯ ಕುಣಿಕೆಯಲ್ಲೇ ಇತ್ತು.

"ಆಯಿ ಶುರು ಮಾಡಿದ್ಲು, ಅಕ್ಕನ ಮಗುವಿಗೆ ಅಂತ. ಈಗ ಆಯಿ ಇಲ್ಲ... ಮೂರು ತಿಂಗಳಾಯ್ತು. ನಿನ್ನೆ ನಿಶಾ ಅಕ್ಕಂಗೆ ಹೆಣ್ಣುಮಗು ಆಯ್ತು. ಹನ್ನೆರಡನೇ ದಿನ ತೊಟ್ಟಿಲು. ಅಷ್ಟ್ರೊಳಗೆ ಇದನ್ನ ಮುಗಿಸಿ ಕೊಡ್ತ್ರಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

ಮೂರನೇ ದಿನ ಅವನು ಮತ್ತೆ ಬಂದ. ಬಣ್ಣ ಹೊಂದುತ್ತದೆಯೋ ನೋಡಲಿಕ್ಕೆ ಅಂದ. ಐದನೇ ದಿನ ಬಂದಾಗ ನೆವ ಹೇಳಲಿಲ್ಲ, ಬಂಗಡೆ ತಂದಿದ್ದ.

"ಇವ ನೂಲು ನೋಡೂಕೆ ಬರೂದಲ್ಲ ಬಿಡು," ಎಂದಳು ಅಜ್ಜಿ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ.

ಹೀರಾಳಿಗೆ ನಾಚಿಕೆಯಲ್ಲೂ ನಗು ಬಂತು. 'ಇವರಿಗೆ ಚೆಂದ ಮಾಡಿ ಕೊಡಬೇಕು. ಒಂದೂ ತಪ್ಪಿರಬಾರದು...'

ತಪ್ಪು ಎಂದರೆ ಅವಳಿಗೆ ಭಯ. ಎಂಟನೇ ಇಯತ್ತೆಯಲ್ಲಿ ನೋಟುಪುಸ್ತಕದ ತುಂಬ ಕೆಂಪು ಗೀಟು ಕಂಡು ಶಾಲೆ ಬಿಟ್ಟವಳು ಅವಳು. ಅವನ ತಾಯಿ ಹೆಣೆದ ಕೊನೆಯ ಸಾಲಿನಲ್ಲಿ ಸೂಜಿ ಹೋಗಬೇಕಾದ ಮೂರು ಕಣ್ಣು ಬಿಟ್ಟುಹೋಗಿದ್ದವು. ಇನ್ನೊಂದೆಡೆ ಒಂದೇ ಕಣ್ಣಿಗೆ ಎರಡು ಸಲ ಸೂಜಿ ಬಿದ್ದಿತ್ತು. ಹೀರಾ ಆ ಸಾಲನ್ನು ಬಿಚ್ಚಿ, ನೂಲನ್ನು ಡಬ್ಬಿಯಲ್ಲಿಟ್ಟಳು.

ಏಳನೇ ದಿನ ದತ್ತಾ ಕೈ ತೊಳೆದು ಹೊದಿಕೆಯನ್ನು ಮಡಿಲಲ್ಲಿ ಹರಡಿಕೊಂಡ. ಅವನ ಬೆರಳು ಅಂಚಿನ ಮೇಲೆ ಏನನ್ನೋ ಹುಡುಕಿತು.

"ಇಲ್ಲಿ ಒಂದು ಸಾಲಿತ್ತು..."

"ತಪ್ಪಾಗಿತ್ತು. ಬಿಚ್ಚಿದೆ."

ಅವನ ಮುಖ ಬಿಳುಚಿಕೊಂಡಿತು.

"ಆಸ್ಪತ್ರೆಲಿ ಹೆಣೆದದ್ದು ಅದು. ಸಲಾಯಿನ್ ಹಾಕಿದ ಕೈಲಿ. ತಪ್ಪಲ್ಲ ಅದು... ನನ್ನ ಆಯಿ ಕೈ!"

"ನಂಗೆ ಗೊತ್ತಿರ್ಲಿಲ್ಲ..."

"ಕೇಳ್ಬಹುದಿತ್ತಲ್ಲ! ಒಂದು ಮಾತು ಕೇಳ್ಬಹುದಿತ್ತಲ್ಲ!"

ಅವನು ಹೊದಿಕೆಯನ್ನು ಜಗಲಿಯ ಮೇಲಿಟ್ಟು ಎದ್ದ. "ಇನ್ನು ಏನೂ ಮಾಡ್ಬೇಡಿ. ತೊಟ್ಟಿಲಿನ ಮುಂಚಿನ ದಿನ ಬಂದು ತಕಂಡು ಹೋಗ್ತೆ."

ಬೈಕಿನ ಸದ್ದು ದೂರವಾಯಿತು. ಹೀರಾ ಅಲ್ಲೇ ಕುಸಿದು ಕೂತಳು. ಒಂದು ಮಾತು ಕೇಳಲಾರದ ತನ್ನ ನಾಲಿಗೆ ಏನು ಕಳೆದುಬಿಟ್ಟಿತು!

ಅಳುತ್ತಳುತ್ತಲೇ ಅವಳ ಕಣ್ಣು ಡಬ್ಬಿಯಲ್ಲಿದ್ದ ಆ ನೂಲಿನ ಮೇಲೆ ಬಿತ್ತು. ಬಿಚ್ಚಿದ ಮೇಲೆ ಅದನ್ನು ತೊಳೆದಿರಲಿಲ್ಲ. ನೂಲು ನೇರವಾಗಿರಲಿಲ್ಲ. ಸೂಜಿ ತಿರುಗಿದಲ್ಲೆಲ್ಲ ಗುಂಗುರು ಹಾಗೇ ಉಳಿದಿತ್ತು...

ಅವಳು ಕಣ್ಣೊರೆಸಿಕೊಂಡಳು.

"ಬೇಡ ಅಂದು ಹೋದ್ನಲ್ಲೇ?" ಎಂದಳು ಅಜ್ಜಿ.

"ಹೊಸತು ಏನೂ ಮಾಡೂದಿಲ್ಲ ಅಜ್ಜಿ. ಇದ್ದದ್ದನ್ನ ವಾಪಸ್ ಇಡ್ತೆ."

ಒಂದೊಂದೇ ಗುಂಗುರನ್ನು ಅದರದೇ ಜಾಗಕ್ಕೆ ಸೇರಿಸಿದಳು. ನೂಲು ಹೇಳದ್ದನ್ನು ಅವಳ ಕಣ್ಣು ನೆನಪಿಟ್ಟಿತ್ತು. ಸಾಲು ಮುಗಿಯಲು ಎರಡು ದಿನ ಹಿಡಿಯಿತು. ಆಮೇಲೆ ಹಗಲೂ ರಾತ್ರಿಯೂ ಕೂತು ಉಳಿದರ್ಧವನ್ನೂ ಹೆಣೆದಳು. ಅವನು ಬೈದರೂ ಸರಿ, ಮಗುವಿಗೆ ಹೊದಿಕೆ ಇರಬೇಕಲ್ಲ!

ಹೇಳಿದ ದಿನ ಅವನು ಬಂದ. ಕೈ ತೊಳೆದ. ಅವಳು ಹೊದಿಕೆ ಹರಡಿದಳು.

ಅವನ ಬೆರಳು ಸಾಲಿನ ಮೇಲೆ ಸಾಗಿತು. ಒಂದು ಕಡೆ ನಿಂತಿತು.

"ಮೂರು ಕಣ್ಣು ಬಿಟ್ಟದ್ದು..." ಅವನು ಅವಳತ್ತ ನೋಡಿದ. "ಆವಾಗ ಡಾಕ್ಟ್ರು ಬಂದಿದ್ರು. ಆಯಿ ನನ್ನ ಕೈ ಹಿಡ್ಕಂಡಿದ್ಲು... ಇದು ಹ್ಯಾಂಗೆ ಬಂತು?"

"ನೂಲಲ್ಲೇ ಇತ್ತು. ಅದು ಮರೆತಿರ್ಲಿಲ್ಲ." ಹೀರಾ ಜೀವಮಾನದಲ್ಲೇ ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. "ನನ್ನ ಬಣ್ಣ ಒಂಚೂರು ಗಾಢ ಆಗಿದೆ, ನೋಡಿ. ಇನ್ನೊಂದು ಸಲ ಹಾಕಿದ್ರೆ ಹೊಂದ್ತಿತ್ತು. ಬೇಕಂತ್ಲೇ ಬಿಟ್ಟೆ. ಅವ್ರ ಕೈ ಎಲ್ಲಿವರೆಗೆ ಅಂತ ಮಗುವಿಗೆ ಕಾಣ್ಲಿ..."

ದತ್ತಾ ತಲೆ ತಗ್ಗಿಸಿದ. ಹೊದಿಕೆಯ ಮೇಲೆ ಎರಡು ಹನಿ ಬಿದ್ದವು.

"ಅವತ್ತು ಕೂಗಾಡ್ಬಾರ್ದಿತ್ತು ನಾನು."

"ನಾನು ಕೇಳ್ಬೇಕಿತ್ತು."

ಅವನು ಅವಳ ಸಾಲುಗಳ ಮೇಲೆ ಬೆರಳಾಡಿಸಿದ. ತಟ್ಟನೆ ಬೆರಳು ನಿಂತಿತು.

"ಇಲ್ಲೂ ಒಂದು ಕಣ್ಣು ಬಿಟ್ಟುಹೋಗಿದೆ. ಇದು ಆಯಿದಲ್ಲ."

ಹೀರಾಳ ಕೆನ್ನೆ ಅವಳ ಕೈಗಳಷ್ಟೇ ಕೆಂಪಾಯಿತು.

"ಅದು... ರಸ್ತೆಲಿ ಬೈಕಿನ ಸದ್ದಾಯ್ತು. ನೀವೇನೋ ಅಂದ್ಕಂಡೆ. ತಿರುಗಿ ನೋಡಿದೆ..."

"ಯಾರಾಗಿತ್ತು?"

"ಗ್ಯಾಸ್ ಸಿಲಿಂಡರಿನವ."

ಒಳಗಿನಿಂದ ಅಜ್ಜಿಯ ನಗು ಕೇಳಿತು. ಅವನೂ ನಕ್ಕ, ಒದ್ದೆ ಕಣ್ಣಲ್ಲೇ.

"ನಾಳೆ ತೊಟ್ಟಿಲಿಗೆ ಬರ್ತ್ಯಾ ಹೀರಾ? ಇದನ್ನ ನೀನೇ ಹೊದಿಸ್ಬೇಕು."

'ನೀವು' ಎಂಬುದು 'ನೀನು' ಆದದ್ದು ಅವಳ ಎದೆಗೆ ತಾಗಿತು.

"ಯಾರು ಅಂತ ಕೇಳಿದ್ರೆ ಎಂತ ಹೇಳ್ತ್ರಿ?"

"ಕೈ ಹಿಡಿದಾಗಿದೆ ಅಂತ ಹೇಳ್ತೆ. ಮೊದಲನೇ ದಿನವೇ."

ಅವಳು ಮುಖ ತಗ್ಗಿಸಿ, ತನ್ನ ತಪ್ಪಿದ ಕಣ್ಣಿನತ್ತ ಕೈ ಚಾಚಿದಳು.

"ಹಂಗಾದ್ರೆ ಇದೊಂದು ಬಿಚ್ಚಿ ಸರಿ ಮಾಡಿ ಕೊಡ್ತೆ..."

ದತ್ತಾ ಆ ಕೆಂಗಂದು ಬೆರಳುಗಳನ್ನು ಮೆಲ್ಲಗೆ ಹಿಡಿದ.

"ಬಿಚ್ಚಬೇಡ," ಅಂದ.